ಆಗುತ್ತೆ ಸರ್

ಬೆಂಗಳೂರಿನ ಯಾವ ಜಾಹೀರಾತು ಏಜೆನ್ಸಿಯ ಬಾಗಿಲು ತಳ್ಳಿದರೂ ಮೊದಲು ಎದುರಾಗುವವನು ಅವನೇ. ಒಂದು ಕಿವಿಯಲ್ಲಿ ಇಯರ್‌ಪಾಡು, ಇನ್ನೊಂದು ಕಿವಿಗೆ ಫೋನು, ಕಣ್ಣು ಲ್ಯಾಪ್‌ಟಾಪಿನಲ್ಲಿ, ಕಾಲು ಮಾತ್ರ ಡಿಸೈನರ್ ಕೂತಿರುವ ದಿಕ್ಕಿಗೆ. ವಿಸಿಟಿಂಗ್ ಕಾರ್ಡಿನಲ್ಲಿ ಅವನ ಹುದ್ದೆ ಇನ್‌ಕ್ರಿಮೆಂಟ್ ಸಿಗದ ವರ್ಷವೆಲ್ಲ ಬದಲಾಗುತ್ತದೆ: ಅಕೌಂಟ್ ಎಕ್ಸಿಕ್ಯುಟಿವ್, ಕ್ಲೈಂಟ್ ಸರ್ವಿಸಿಂಗ್ ಮ್ಯಾನೇಜರ್, ಬ್ರ್ಯಾಂಡ್ ಪಾರ್ಟ್‌ನರ್. ಹೆಸರಿನಲ್ಲಿ ಅಕೌಂಟ್ ಇದ್ದದ್ದು ನೋಡಿ ಮಾವನ ಮನೆಯವರು ಪ್ರತಿ ಜುಲೈನಲ್ಲಿ ಇನ್‌ಕಮ್ ಟ್ಯಾಕ್ಸ್ ಕಾಗದಗಳ ಕಟ್ಟು ತಂದು ಅವನ ಮುಂದಿಡುತ್ತಾರಂತೆ. ಅದಕ್ಕೂ ಅವನು ‘ಆಗುತ್ತೆ’ ಅಂದಿದ್ದಾನೆ. ಆಫೀಸಿನಲ್ಲಿ ನಾವು ಅವನನ್ನು ಕರೆಯುವುದೇ ಆಗುತ್ತೆಸರ್ ಎಂದು.

ಕ್ಲೈಂಟು ಮತ್ತು ಡಿಸೈನರು ನೇರವಾಗಿ ಮಾತಾಡದಂತೆ ನೋಡಿಕೊಳ್ಳುವುದು ಅವನ ಕೆಲಸ. ಕ್ಲೈಂಟು ಶುಕ್ರವಾರ ಬೇಕು ಅಂದರೆ ‘ಆಗುತ್ತೆ ಸರ್’ ಎಂದು ಫೋನಿಟ್ಟು, ಡಿಸೈನರ್ ಹತ್ತಿರ ಬಂದು ‘ಬುಧವಾರ ಕೇಳ್ತಿದಾರೆ ಮಗಾ’ ಅನ್ನುತ್ತಾನೆ. ಬುಧವಾರ ಎಂಬುದು ಸುಳ್ಳೆಂದು ಡಿಸೈನರನಿಗೆ ಗೊತ್ತು, ಹಾಗಾಗಿ ಅವನು ಗುರುವಾರ ಫೈಲು ತೆರೆಯುತ್ತಾನೆ. ಶುಕ್ರವಾರ ಎಂಬುದು ಸುಳ್ಳೆಂದು ಕ್ಲೈಂಟಿಗೂ ಗೊತ್ತು, ಅವರಿಗೆ ನಿಜವಾಗಿ ಬೇಕಾಗಿರುವುದು ಸೋಮವಾರಕ್ಕೆ. ಕೊನೆಗೆ ಸೋಮವಾರ ಕೆಲಸ ಮುಗಿಯುತ್ತದೆ. ಯಾರೂ ಯಾರಿಗೂ ಏನೂ ಹೇಳದಿದ್ದರೂ ಅದು ಸೋಮವಾರವೇ ಮುಗಿಯುತ್ತಿತ್ತು. ಆದರೆ ನಡುವಿನ ಅಷ್ಟೂ ದಿನ ಮೂವರಿಗೂ ಎದೆ ಹೊಡೆದುಕೊಳ್ಳುತ್ತಿರುತ್ತದಲ್ಲ, ಅದಕ್ಕೆ ಏಜೆನ್ಸಿ ಭಾಷೆಯಲ್ಲಿ ಟೈಮ್‌ಲೈನ್ ಎಂದು ಹೆಸರು.

‘ನಾನು ದುಡ್ಡು ಯಾಕೆ ಕೊಡ್ತಿದೀನಿ ಹೇಳ್ರೀ?’ ಎಂದು ಕ್ಲೈಂಟು ಗುಡುಗಿದರೆ ಅದು ನಮ್ಮ ಕಡೆಗೆ ತಲುಪುವಷ್ಟರಲ್ಲಿ ‘ತುಂಬಾ ಎಕ್ಸೈಟ್ ಆಗಿದಾರೆ, ಒಂದೆರಡು ಚಿಕ್ಕ ಫೀಡ್‌ಬ್ಯಾಕ್ ಇದೆ’ ಎಂದಾಗಿರುತ್ತದೆ. ‘ಬೇಕಾದ್ರೆ ಅವರೇ ಬಂದು ಮಾಡ್ಕೊಳ್ಲಿ’ ಎಂದು ಡಿಸೈನರು ಹೆಡ್‌ಫೋನ್ ಎಸೆದರೆ ಆ ಕಡೆಗೆ ಹೋಗುವುದು ‘ಟೀಮ್ ಇನ್ನೊಂದು ರೂಟ್ ಎಕ್ಸ್‌ಪ್ಲೋರ್ ಮಾಡ್ತಿದೆ ಸರ್’ ಎಂದು. ಇದನ್ನು ಸುಳ್ಳು ಎನ್ನಲು ನನಗೆ ಮನಸ್ಸು ಬಾರದು. ಒಮ್ಮೆ ತಂಗಿಯ ಮದುವೆಗೆಂದು ಅವನು ರಜೆ ಹಾಕಿದ್ದಾಗ ಕ್ಲೈಂಟೊಬ್ಬರಿಗೆ ಡಿಸೈನರನ ನಂಬರು ಸಿಕ್ಕಿ, ಇಬ್ಬರೂ ಮನಸ್ಸು ಬಿಚ್ಚಿ ಮಾತಾಡಿದರು. ಧಾರೆ ಮಂಟಪದಿಂದಲೇ ಅವನು ಫೋನು ಮಾಡಿ ಮಾಡಿ ಆ ಅಕೌಂಟನ್ನು ಉಳಿಸಿಕೊಳ್ಳಬೇಕಾಯಿತು. ಹಿಂದೆ ನಾದಸ್ವರ ಕೇಳುತ್ತಿತ್ತಾದ್ದರಿಂದ ಕ್ಲೈಂಟು ಏನೋ ಶುಭ ಎಂದುಕೊಂಡು ಸುಮ್ಮನಾದರು.

ಇಷ್ಟಾದ ಮೇಲೆ ನಮ್ಮ ಬಾಸಿಗೆ ಕ್ಲೈಂಟ್ ಕಮ್ಯುನಿಕೇಶನ್ ಸುಧಾರಿಸಬೇಕು ಎಂಬ ಜ್ಞಾನೋದಯವಾಯಿತು. ಕನಕಪುರ ರಸ್ತೆಯ ರೆಸಾರ್ಟಿನಲ್ಲಿ ವರ್ಕ್‌ಶಾಪು. ಬಂದ ತಜ್ಞರು ನಮ್ಮ ಕೈಗೆ ದಾರದುಂಡೆ ಕೊಟ್ಟು ಒಬ್ಬರಿಂದೊಬ್ಬರಿಗೆ ಎಸೆಯಲು ಹೇಳಿದರು, ಎಸೆದೆವು. ಅದನ್ನು ಬಿಡಿಸುವುದರಲ್ಲಿ ಊಟದ ಹೊತ್ತಾಯಿತು. ಅಲ್ಲಿಂದ ನಾವು ತಂದದ್ದು ಒಂದು ಬ್ರೀಫ್ ಫಾರ್ಮು. ಇನ್ನು ಮುಂದೆ ಯಾವ ಕೆಲಸವಾದರೂ ಈ ಫಾರ್ಮು ತುಂಬಿಸಿಕೊಂಡೇ ಶುರು, ಪ್ರತಿ ಮೀಟಿಂಗಿನ ನಂತರ ಕಾಲ್ ರಿಪೋರ್ಟು, ಪ್ರತಿ ಬದಲಾವಣೆಗೂ ಇಮೇಲು ಎಂದು ಕಾನೂನಾಯಿತು.

ಫಾರ್ಮು ಮೊದಲು ಹೋದದ್ದು ಚಿಕ್ಕಪೇಟೆಯ ಸೀರೆ ಅಂಗಡಿಗೆ. ಆಷಾಢ ಸೇಲಿನ ಗಲಾಟೆ ನಡುವೆ ಮಾಲೀಕರು ಬಿಲ್ ಬುಕ್ಕಿನ ಮೇಲೇ ಇಟ್ಟು ತುಂಬಿದ್ದರು. ನಿಮ್ಮ ಗ್ರಾಹಕರು ಯಾರು? ‘ಎಲ್ಲರೂ.’ ನಿಮ್ಮ ಪ್ರತಿಸ್ಪರ್ಧಿ ಯಾರು? ‘ಯಾರೂ ಇಲ್ಲ.’ ಬಜೆಟ್ ಎಷ್ಟು? ‘ನೀವೇ ಹೇಳಿ.’ ಜಾಹೀರಾತು ಹೇಗಿರಬೇಕು? ‘ಪಕ್ಕದ ಅಂಗಡಿಯವರದ್ದರ ಥರ, ಆದರೆ ಅವರದ್ದರ ಥರ ಅಲ್ಲ.’ ಅಂತಿಮ ಒಪ್ಪಿಗೆ ಯಾರದ್ದು ಎಂಬ ಸಾಲನ್ನು ಮಾತ್ರ ಖಾಲಿ ಬಿಟ್ಟಿದ್ದರು. ಎಲ್ಲಕ್ಕಿಂತ ಮುಖ್ಯವಾದ ಆ ಸಾಲು ಖಾಲಿ ಇರುವುದನ್ನು ನೋಡಿಯೂ ಆಗುತ್ತೆಸರ್ ‘ಫಾರ್ಮ್ ರಿಸೀವ್ಡ್ ಸರ್’ ಎಂದು ಉತ್ತರಿಸಿ, ಎರಡು ಕೈ ಜೋಡಿಸಿದ ಎಮೋಜಿ ಹಾಕಿದ.

ಕೆಲಸ ವರಮಹಾಲಕ್ಷ್ಮಿ ಹಬ್ಬದ ಜಾಹೀರಾತು. ಶ್ರಾವಣ ಹುಣ್ಣಿಮೆಗೆ ಮುಂಚಿನ ಶುಕ್ರವಾರ ಹಬ್ಬ, ಅದಕ್ಕೆ ಮೊದಲು ಪೇಪರಿನಲ್ಲಿ ಬಂದರೆ ಬಂತು, ಇಲ್ಲವಾದರೆ ಹೋಯಿತು. ಡಿಸೈನರು ಇಂದೋರಿನ ಹುಡುಗ, ಬಣ್ಣದ ಮೇಲೆ ಒಳ್ಳೆಯ ಹಿಡಿತ, ಕನ್ನಡ ಮಾತ್ರ ಅವನಿಗೆ ಚಿತ್ರ. ನಾನು ಬರೆದುಕೊಟ್ಟ ಸಾಲನ್ನು ತಂದು ಇನ್‌ಡಿಸೈನ್ ಸಾಫ್ಟ್‌ವೇರಿನಲ್ಲಿ ಕೂರಿಸಿ, ಕೆಂಪು-ಹಸಿರು ಅಂಚಿನ ರೇಷ್ಮೆ ಸೀರೆಯ ಹಿನ್ನೆಲೆ ಕೊಟ್ಟು, ನಿಜವಾಗಿಯೂ ಚೆನ್ನಾಗಿ ಮಾಡಿದ್ದ. ಬರೆದವನಿಗೆ ಕೊನೆಯ ಪ್ರತಿ ತೋರಿಸುವ ಪದ್ಧತಿ ನಮ್ಮಲ್ಲಿ ಇನ್ನೂ ಬಂದಿಲ್ಲವಾದ್ದರಿಂದ ನಾನು ನೋಡಲಿಲ್ಲ. ಆಗುತ್ತೆಸರ್ ಕನ್ನಡದವನೇ, ತುರುವೇಕೆರೆ ಕಡೆಯವನು. ಆದರೆ ಅವನು ಯಾವ ಫೈಲನ್ನೂ ತೆರೆಯುವುದಿಲ್ಲ, ಫಾರ್ವರ್ಡ್ ಮಾಡುತ್ತಾನೆ.

ರಾತ್ರಿ ಮಾಲೀಕರಿಂದ ವಾಯ್ಸ್ ಮೆಸೇಜು ಬಂತು. ಹಿಂದೆ ಕುಕ್ಕರ್ ಕೂಗುತ್ತಿತ್ತು. ‘ಏನೋ ಒಂಥರಾ ಇದೆ ಕಣಪ್ಪಾ. ಹಬ್ಬದ ಕಳೆ ಬಂದಿಲ್ಲ.’

ಇಂಥ ಮಾತಿಗೆ ‘ಹಾಗಂದ್ರೆ ಏನು ಸರ್? ಎಲ್ಲಿ ಸರಿ ಇಲ್ಲ?’ ಎಂದು ತಿರುಗಿ ಕೇಳಬೇಕು. ವರ್ಕ್‌ಶಾಪೂ ಬೇಡ, ದಾರದುಂಡೆಯೂ ಬೇಡ. ಆದರೆ ಆಗುತ್ತೆಸರ್‌ಗೆ ಕೇಳಲು ಬಾಯಿ ಬರುವುದಿಲ್ಲ. ಕೇಳಿದರೆ ತನಗೆ ಅರ್ಥವಾಗಲಿಲ್ಲ ಎಂದಾಗುತ್ತದೆ, ಅರ್ಥವಾಗಲಿಲ್ಲ ಎಂದರೆ ತಾನೇಕೆ ನಡುವೆ ಇರಬೇಕು ಎಂಬ ಪ್ರಶ್ನೆ ಏಳುತ್ತದೆ. ಆದ್ದರಿಂದ ಅವನು ಇಂದೋರಿನ ಹುಡುಗನಿಗೆ ಬರೆದ: ‘ಇನ್ನೂ ಪ್ರೀಮಿಯಂ ಆಗಬೇಕಂತೆ.’ ಸೀರೆಗೆ ಬಂಗಾರದ ಬಣ್ಣ ಬಂತು. ‘ಈಗಲೂ ಒಂಥರಾ ಇದೆ’ ಎಂದರು ಮಾಲೀಕರು. ‘ಫೆಸ್ಟಿವ್ ಮಾಡಬೇಕಂತೆ.’ ಮಾವಿನ ತೋರಣ, ಬಾಳೆಕಂದು, ಕಳಶ, ಅದರ ಮೇಲೆ ತೆಂಗಿನಕಾಯಿ ಬಂದವು. ಇನ್ನೂ ಒಂಥರಾ. ರೂಪದರ್ಶಿಯ ನಗು ಅರ್ಧ ಇಂಚು ಅಗಲವಾಯಿತು. ಅದೂ ಸಾಲದೆ ಲೋಗೊ ದೊಡ್ಡದಾಯಿತು. ಏನು ಮಾಡುವುದೆಂದು ತೋಚದಾಗ ಜಗತ್ತಿನ ಎಲ್ಲ ಏಜೆನ್ಸಿಗಳೂ ಮಾಡುವುದು ಅದೇ ತಾನೆ.

ಕೊನೆಗೆ ಮಾಲೀಕರು ಫೋನನ್ನು ಮನೆಯಲ್ಲಿ ತೋರಿಸಿದರು. ಅವರ ತಾಯಿ ಕನ್ನಡಕ ಹಾಕಿಕೊಂಡು, ಎರಡು ಬೆರಳಲ್ಲಿ ಚಿತ್ರ ಹಿಗ್ಗಿಸಿ, ಗಟ್ಟಿಯಾಗಿ ಓದಿದರಂತೆ: ‘ವರಮಹಾಲಕ್‌ಷ್‌ಮಿ.’ ಆಮೇಲೆ ಮಗನನ್ನು ನೋಡಿ, ‘ಅಲ್ಲವೋ, ಹಬ್ಬದ ದಿನ ಲಕ್ಷ್ಮೀನ ಮೂರು ತುಂಡು ಮಾಡಿ ಪೇಪರಿಗೆ ಹಾಕ್ತೀರಾ? ಒತ್ತು ಎಲ್ಲೋ?’

ಒತ್ತು ಹೋದದ್ದು ಎಲ್ಲಿಗೂ ಅಲ್ಲ. ಇನ್‌ಡಿಸೈನಿನ ಮಾಮೂಲಿ ಪ್ಯಾರಾಗ್ರಾಫ್ ಕಂಪೋಸರಿಗೆ ನಮ್ಮ ಒತ್ತಕ್ಷರ ಜೋಡಿಸಲು ಬರುವುದಿಲ್ಲ. ಮೆನುವಿಗೆ ಹೋಗಿ ವರ್ಲ್ಡ್-ರೆಡಿ ಕಂಪೋಸರ್ ಎಂಬುದನ್ನು ಆರಿಸಿದರೆ ಅಕ್ಷರಗಳು ತಾವಾಗಿಯೇ ಒಂದರ ಕೆಳಗೊಂದು ಹೋಗಿ ಕೂರುತ್ತವೆ. ಒಂದು ನಿಮಿಷದ ಕೆಲಸ. ಮಾಲೀಕರ ಕಣ್ಣಿಗೆ ಇದು ಮೊದಲ ದಿನವೇ ಚುಚ್ಚಿತ್ತು, ಏನು ಚುಚ್ಚುತ್ತಿದೆ ಎಂದು ಹೇಳಲು ಮಾತು ಸಿಕ್ಕಿರಲಿಲ್ಲ, ಅಷ್ಟೆ. ಇಂದೋರಿನ ಹುಡುಗ ಸರಿಮಾಡಿ, ‘ಇಷ್ಟೇನಾ?’ ಎಂದು ಹಿಂದಿಯಲ್ಲಿ ಏನೋ ಗೊಣಗಿದ. ಮೊದಲು ಮಾಡಿದ್ದ ಕೆಂಪು-ಹಸಿರು ಅಂಚಿನದ್ದೇ ಪೇಪರಿನಲ್ಲಿ ಬಂತು. ಆಗುತ್ತೆಸರ್ ಮಾಲೀಕರಿಗೆ ಫೋನು ಮಾಡಿ, ‘ಸರ್ವರ್ ಪ್ರಾಬ್ಲಮ್ ಇತ್ತು ಸರ್’ ಅಂದ. ಅಂಗಡಿಯ ಬೋರ್ಡಿನ ವಿಷಯದಲ್ಲೂ ಅವನು ಹೀಗೇ ಜಾರಿಕೊಂಡಿದ್ದ. 2024ರ ತಿದ್ದುಪಡಿಯ ನಂತರ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡವಿರಬೇಕು, ಅದೂ ಮೇಲ್ಭಾಗದಲ್ಲಿ. ಮಾಲೀಕರು ಇಂಗ್ಲಿಷು ದೊಡ್ಡದಿರಲಿ ಅಂದಾಗ ಕಾನೂನು ಹೀಗಿದೆ ಎನ್ನುವ ಬದಲು ಅವನು ‘ಕನ್ನಡ ಮೇಲಿದ್ರೆ ವಾಸ್ತು ಚೆನ್ನಾಗಿರುತ್ತೆ ಸರ್’ ಅಂದಿದ್ದ. ಕೆಲಸವೇನೋ ಆಯಿತು, ಒಪ್ಪಿಕೊಳ್ಳಬೇಕು.

ಅವನ ಕಿವಿಗೆ ಬೀಳಬಾರದ ಕಥೆಯೊಂದಿದೆ. 1966ರಲ್ಲಿ ಅಮುಲ್ ಬೆಣ್ಣೆಯ ಜಾಹೀರಾತು ಸಿಲ್ವೆಸ್ಟರ್ ಡಕುನ್ಹಾ ಅವರ ಕೈಗೆ ಬಂದಾಗ, ಅಮುಲ್ ನಡೆಸುತ್ತಿದ್ದ ವರ್ಗೀಸ್ ಕುರಿಯನ್ ತಮಗೆ ಪ್ರತಿ ಹೋರ್ಡಿಂಗನ್ನೂ ತಂದು ತೋರಿಸಿ ಒಪ್ಪಿಗೆ ಪಡೆಯುವ ತೊಂದರೆಯನ್ನೇ ತಪ್ಪಿಸಿದರು. ಚುಕ್ಕೆ ಫ್ರಾಕಿನ ಆ ಹುಡುಗಿ ಇಷ್ಟು ವರ್ಷ ಬೆಳಗಿನ ಸುದ್ದಿಯನ್ನು ಅದರ ಬಿಸಿ ಆರುವ ಮೊದಲೇ ಚುಚ್ಚಲು ಸಾಧ್ಯವಾದದ್ದು ಹಾಗೆ. ಒಪ್ಪಿಗೆಯೇ ಇಲ್ಲ ಎಂದರೆ ಫಾಲೋಅಪ್ ಇಲ್ಲ. ಫಾಲೋಅಪ್ ಇಲ್ಲದ ಲೋಕದಲ್ಲಿ ಆಗುತ್ತೆಸರ್ ಬೆಳಿಗ್ಗೆ ಎದ್ದು ಏನು ಮಾಡಬೇಕು?

ಬಿಲ್ಲಿನ ವಿಷಯಕ್ಕೆ ಬಂದಾಗ ಮಾತ್ರ ಅವನ ಮೇಲೆ ಕರುಣೆ ಉಕ್ಕುತ್ತದೆ. ನಮ್ಮಂಥ ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಹಣ ಕೊಡಬೇಕೆಂದು 2006ರಿಂದ ಕಾನೂನಿದೆ. ಅಕೌಂಟ್ಸಿನವರು ಅದರ ಪ್ರತಿಯನ್ನೇ ಅವನ ಟೇಬಲ್ಲಿಗೆ ಅಂಟಿಸಿದ್ದಾರೆ. ಅವನು ಕ್ಲೈಂಟಿಗೆ ಫೋನು ಹಚ್ಚಿ, ಮಳೆ, ಟ್ರಾಫಿಕ್ಕು, ಮಕ್ಕಳ ಪರೀಕ್ಷೆ, ಮೆಟ್ರೊ ಎಲ್ಲವನ್ನೂ ವಿಚಾರಿಸಿ, ಫೋನಿಡುವ ಹೊತ್ತಿಗೆ ‘ಮತ್ತೆ ಸರ್, ಆ ಚಿಕ್ಕದೊಂದು…’ ಎನ್ನುತ್ತಾನೆ. ಆ ಕಡೆಯಿಂದ ‘ಮಾಡೋಣ ಬಿಡಿ’ ಎಂದು ಬರುತ್ತದೆ. ಅದರ ಅರ್ಥ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಹಬ್ಬ ಮುಗಿದ ಮೇಲೆ ಬಾಸು ಒಂದು ಒಳ್ಳೆಯ ಕೆಲಸ ಮಾಡಿದರು. ಸೀರೆ ಅಂಗಡಿಯ ವಾಟ್ಸಾಪ್ ಗುಂಪಿಗೆ ಮಾಲೀಕರ ತಾಯಿಯನ್ನೂ ಇಂದೋರಿನ ಹುಡುಗನನ್ನೂ ಸೇರಿಸಿದರು. ಈಗ ಆ ತಾಯಿ ತಪ್ಪಿರುವ ಜಾಗಕ್ಕೆ ಕೆಂಪು ಸುತ್ತು ಹಾಕಿ ಕಳಿಸುತ್ತಾರೆ, ಹುಡುಗ ಸರಿಮಾಡಿ ವಾಪಸು ಕಳಿಸುತ್ತಾನೆ, ಅವರು ಹೆಬ್ಬೆರಳು ಎತ್ತುತ್ತಾರೆ. ಭಾಷೆ ಬಾರದ ಇಬ್ಬರ ನಡುವೆ ಕೆಲಸ ಕಾಫಿ ಆರುವುದರೊಳಗೆ ಮುಗಿಯುತ್ತಿದೆ. ಆಗುತ್ತೆಸರ್ ಇದನ್ನೆಲ್ಲ ನೋಡಿಕೊಂಡು ಸುಮ್ಮನಿದ್ದಾನೆ ಎಂದುಕೊಳ್ಳಬೇಡಿ. ಕೆಂಪು ಸುತ್ತು ಬಿದ್ದ ಕೂಡಲೇ ಎದ್ದು ಬಂದು ಹುಡುಗನ ಕುರ್ಚಿಯ ಹಿಂದೆ ನಿಂತು, ‘ಅಮ್ಮ ಏನು ಹೇಳೋಕೆ ಟ್ರೈ ಮಾಡ್ತಿದಾರೆ ಅಂದ್ರೆ…’ ಎಂದು ಶುರು ಮಾಡುತ್ತಾನೆ.