ಐವತ್ತರಿಂದ ನೂರಾ ಹತ್ತಕ್ಕೆ

ಮಕ್ಕಳಿಗೆ ಅಳತೆಗೆ ಸರಿಯಾದದ್ದನ್ನು ಕೊಡಿಸಿದ ಉದಾಹರಣೆ ನಮ್ಮ ವಂಶದಲ್ಲಿ ಇಲ್ಲ. ಯೂನಿಫಾರ್ಮಿನ ಚಡ್ಡಿ ಮಂಡಿ ಮುಚ್ಚಬೇಕು, ಲಂಗದ ಅಂಚು ಒಳಗೆ ಎರಡು ಸುತ್ತು ಮಡಿಚಿ ಹೊಲಿದಿರಬೇಕು, ಶೂ ಕಾಲಿಗೆ ನಿಲ್ಲಬೇಕಾದರೆ ಮುಂದೆ ಹತ್ತಿ ತುರುಕಬೇಕು. ‘ಬೆಳೆಯೋ ಮಗು’ ಅಂದುಬಿಟ್ಟರೆ ಅಂಗಡಿಯವನೂ ಮರುಮಾತಾಡದೆ ಒಂದು ಸೈಜು ದೊಡ್ಡದನ್ನೇ ಕಟ್ಟಿಕೊಡುತ್ತಿದ್ದ. ಈ ಸಂಪ್ರದಾಯವನ್ನು ನಾನು ಕ್ಯಾಲಿಫೋರ್ನಿಯಾದಲ್ಲೂ ನಿಷ್ಠೆಯಿಂದ ಪಾಲಿಸಿಕೊಂಡು ಬಂದಿದ್ದೇನೆ. ಮಗಳ ಜಾಕೆಟ್ಟಿನ ತೋಳೊಳಗೆ ಅವಳ ಕೈ ಎಲ್ಲಿದೆ ಎಂದು ಈಗಲೂ ಹುಡುಕಬೇಕು. ಅದು ನಡೆಯದೇ ಹೋದದ್ದು ಡರ್ಟ್ ಬೈಕಿನ ವಿಷಯದಲ್ಲಿ ಮಾತ್ರ.

ಈ ಬೇಸಿಗೆಯಲ್ಲಿ ಅಪ್ಪನ ಜೊತೆ ಮೈಸೂರಿನಿಂದ ಬಂದಿರುವ ಅಮ್ಮನಿಗೆ ಡರ್ಟ್ ಬೈಕ್ ಅಂದರೇನು ಎಂದು ಹೇಳಿಕೊಡುವ ಹೊತ್ತಿಗೆ ಸಾಕಾಯಿತು. ಹೆಡ್‌ಲೈಟ್ ಇಲ್ಲ, ಹಾರ್ನ್ ಇಲ್ಲ, ಕನ್ನಡಿ ಇಲ್ಲ, ರಸ್ತೆಗೆ ಇಳಿಸುವ ಹಾಗೂ ಇಲ್ಲ.

“ಮತ್ತೆ ಓಡಿಸೋದು ಎಲ್ಲೋ?”

“ಹಾಲಿಸ್ಟರ್ ಹಿಲ್ಸ್ ಅಂತ ಇದೆಯಮ್ಮ. ಇಂಥ ಗಾಡಿಗಳಿಗೆ ಅಂತಲೇ ಸರ್ಕಾರ ಬಿಟ್ಟಿರೋ ಗುಡ್ಡ. ಪಿಕಪ್ ಟ್ರಕ್ಕಿನ ಹಿಂದೆ ಕಟ್ಟಿಕೊಂಡು ಹೋಗೋದು.”

“ಗಾಡೀನ ಗಾಡಿ ಮೇಲೆ ಹೊತ್ಕೊಂಡು ಹೋಗಿ, ಅಲ್ಲಿ ಓಡಿಸಿ, ಮತ್ತೆ ಹೊತ್ಕೊಂಡು ಬರ್ತೀರಾ?”

ಹೌದು ಎಂದೆ. ಆ ಗುಡ್ಡದ ನಡುವೆಯೇ ಸ್ಯಾನ್ ಆಂಡ್ರಿಯಾಸ್ ಬಿರುಕು ಹಾದುಹೋಗುತ್ತದೆ ಎಂಬುದನ್ನು ಮಗಳು ಉತ್ಸಾಹದಿಂದ ಸೇರಿಸಿದಳು. “ಭೂಮಿಯೇ ಬಾಯಿಬಿಟ್ಟಿರೋ ಜಾಗಾನೇ ಬೇಕಿತ್ತಾ ನಿಮಗೆ?” ಎಂದು ಅಮ್ಮ ಅಡುಗೆಮನೆಗೆ ಎದ್ದು ಹೋದರು. ಬೆಂಗಳೂರಿನ ಬೈಕ್ ರೇಸರ್ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದದ್ದನ್ನು ನಾನು ಹಿಂದಿನಿಂದಲೇ ಕೂಗಿ ಹೇಳಿದೆ. “ಅವಳು ಸೊಪ್ಪು ತಿಂತಿದ್ಲೇನೋ. ಇವಳಿಗೂ ಮೊದಲು ಅದನ್ನ ತಿನ್ನೋಕೆ ಹೇಳು” ಎಂಬ ಉತ್ತರ ಒಗ್ಗರಣೆಯ ಸದ್ದಿನ ಜೊತೆಗೇ ಬಂತು.

ಮಗಳ ಹತ್ತಿರ ಇದ್ದದ್ದು ಹೋಂಡಾ ಸಿಆರ್‌ಎಫ್ 50. ಸೀಟಿನ ಎತ್ತರ 549 ಮಿಲಿಮೀಟರ್, ಅಂದರೆ ನಮ್ಮ ಕಡೆಯ ಮದುವೆಮನೆಯ ಸ್ಟೂಲಿನಷ್ಟು. ಮೂರು ಗೇರು, ಕ್ಲಚ್ಚಿನ ತಂಟೆ ಇಲ್ಲ. ಥ್ರಾಟಲ್ ಎಷ್ಟು ತಿರುಗಬೇಕು ಎಂಬುದನ್ನು ಅಪ್ಪ ಅಮ್ಮ ನಿರ್ಧರಿಸಲಿ ಎಂದು ಕಂಪನಿಯವರೇ ಅಲ್ಲೊಂದು ಸ್ಕ್ರೂ ಇಟ್ಟಿದ್ದಾರೆ. ಮನುಷ್ಯ ಕಂಡುಹಿಡಿದ ಸ್ಕ್ರೂಗಳಲ್ಲೆಲ್ಲ ಇದೇ ಶ್ರೇಷ್ಠ ಎಂಬುದು ನನ್ನ ಅಭಿಪ್ರಾಯ; ಟಿವಿ ರಿಮೋಟಿಗೂ ಇಂಥದ್ದೊಂದು ಯಾಕಿಲ್ಲವೋ. ಆ ಸ್ಕ್ರೂವನ್ನು ಪೂರಾ ಬಿಚ್ಚಿಟ್ಟರೂ ಈಚೆಗೆ ಏರಿನಲ್ಲಿ ಗಾಡಿ ಏದುಸಿರು ಬಿಡತೊಡಗಿತ್ತು. ತಿರುವಿನಲ್ಲಿ ಮಗಳ ಮಂಡಿ ಹ್ಯಾಂಡಲ್‌ಗೆ ಬಡಿಯುತ್ತಿತ್ತು. ಫುಟ್‌ಪೆಗ್ ಮೇಲೆ ಎದ್ದು ನಿಂತರೆ ಬೆನ್ನು ಬಿಲ್ಲಾಗುತ್ತಿತ್ತು.

ದೊಡ್ಡದು ಬೇಕು, ಸರಿ. ಎಷ್ಟು ದೊಡ್ಡದು? ಕನ್ನಡ ಕೂಟದ ಪಾಟ್‌ಲಕ್ಕಿನಲ್ಲಿ ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತು ಈ ಪ್ರಶ್ನೆ ಕೇಳಬಾರದು. ಮಂಗಳೂರಿನವರೊಬ್ಬರು, “110 ಎರಡು ವರ್ಷಕ್ಕೆ ಸಣ್ಣ ಆಗ್ತದೆ ಮಾರಾಯ್ರೆ, ಸೀದಾ 125 ತಗೊಳ್ಳಿ” ಎಂದರು. ಅವರ ಹಿಂದಿದ್ದವರು ಕೆಟಿಎಂ 65 ಅಂದರು. ಅದು ಅಪ್ಪಟ ರೇಸಿನ ಗಾಡಿ, ಟು-ಸ್ಟ್ರೋಕ್, ಆರು ಗೇರು. ಶಕ್ತಿ ಮೊದಲು ಸುಮ್ಮನಿದ್ದು ಆಮೇಲೆ ಒಮ್ಮೆಲೇ ನುಗ್ಗುತ್ತದೆ. ಎಷ್ಟು ಕಿಲೋಮೀಟರ್ ಓಡಿತು ಎಂದು ನೋಡಿ ಅದಕ್ಕೆ ಪಿಸ್ಟನ್ ಬದಲಾಯಿಸುವುದಿಲ್ಲ, ಎಷ್ಟು ಗಂಟೆ ಓಡಿತು ಎಂದು ಲೆಕ್ಕ ಇಡಬೇಕು. ಮಿಕ್ಸಿ ಜಾರಿನ ವಾಷರ್ ಹಾಕಲು ತಿಂಗಳುಗಟ್ಟಲೆ ಮುಂದೂಡುವ ನನಗೆ ಹೇಳಿಸಿದ ಗಾಡಿಯಲ್ಲ ಅದು.

ಉಳಿದದ್ದು ಹೋಂಡಾದ್ದೇ 110 ಮತ್ತು 125. ಸಿಸಿ ನೋಡಿದರೆ ಎರಡಕ್ಕೂ ಹದಿನೈದರ ಅಂತರ. ಸೀಟಿಗೆ ಟೇಪು ಹಿಡಿದರೆ 658ಕ್ಕೂ 739ಕ್ಕೂ ಮೂರು ಇಂಚಿನ ಮೇಲಾಗುತ್ತದೆ. ದೊಡ್ಡ ಚಕ್ರದ 125 ಅಂತೂ 785. ತೂಕವೂ ಅಷ್ಟೇ: 50 ಸುಮಾರು ಐವತ್ತು ಕೆಜಿ, 110 ಎಪ್ಪತ್ತೇಳರ ಹತ್ತಿರ, 125 ಎಂಬತ್ತೆಂಟು. ಮಣ್ಣಿನ ದಾರಿಯಲ್ಲಿ ಗಾಡಿ ಕಲ್ಲಿಗೆ ತಾಗಿ, ಕೊರಕಲಿಗೆ ಇಳಿದು ಎಲ್ಲೆಂದರಲ್ಲಿ ನಿಲ್ಲುತ್ತದೆ. ಆಗ ಎರಡೂ ಪಾದಗಳ ಮುಂಭಾಗ ನೆಲಕ್ಕೆ ಊರದಿದ್ದರೆ ಅಷ್ಟೂ ತೂಕ ಮಗುವಿನ ಮೇಲೆ. ಇಲ್ಲಿ ಹತ್ತಿ ತುರುಕುವ ಜಾಗವೇ ಇಲ್ಲ.

ಷೋರೂಮಿಗೆ ಅಪ್ಪನೂ ಬಂದರು. ಮಗಳು ಬೂಟು ಹಾಕಿಕೊಂಡೇ ಬಂದಿದ್ದಳು; ದಪ್ಪ ಅಟ್ಟೆಯ ಲಾಭವೂ ಸಿಗಲಿ ಎಂದು. ನೇರವಾಗಿ 125 ಹತ್ತಿ ಕೂತು, “ನೋಡಪ್ಪಾ, ಕಾಲು ಪೂರ್ತಿ ತಾಗುತ್ತೆ!” ಎಂದಳು. ಎಡಗಾಲು ಹಿಮ್ಮಡಿ ಸಮೇತ ನೆಲದ ಮೇಲಿತ್ತು. ಸೇಲ್ಸ್ ಹುಡುಗ, ಬೇಗ ಬೆಳೆಯುತ್ತಾಳೆ ಬಿಡಿ ಎಂದು ನಕ್ಕ. ಈ ಮಾತು ಯಾವ ದೇಶಕ್ಕೆ ಹೋದರೂ ಬಿಡುವುದಿಲ್ಲ. ಅಪ್ಪ ಮಾತ್ರ ಕೈ ಹಿಂದೆ ಕಟ್ಟಿಕೊಂಡು ನಿಧಾನವಾಗಿ ಗಾಡಿಯ ಆ ಬದಿಗೆ ಹೋಗಿ ಬಗ್ಗಿದರು.

“ಪುಟ್ಟೀ, ಈ ಕಾಲು ಯಾರದಮ್ಮ?”

ಸೊಂಟವನ್ನು ಪೂರಾ ಎಡಕ್ಕೆ ಸರಿಸಿ ಕೂತಿದ್ದಳು. ಬಲಗಾಲು ಗಾಳಿಯಲ್ಲಿ ತೂಗುತ್ತಿತ್ತು.

110ರ ಮೇಲೆ ನೆಟ್ಟಗೆ ಕೂತಾಗ ಎರಡೂ ಬೂಟಿನ ಮುಂಭಾಗ ಊರಿತು, ಹಿಮ್ಮಡಿ ಮಾತ್ರ ಒಂದಿಷ್ಟು ಮೇಲೆ. ಸರಿಯಾದ ಅಳತೆ. ಅಪ್ಪ ಆಗಲೇ ಎಡಗಡೆಯ ಹಿಡಿಯನ್ನು ತಡವುತ್ತಿದ್ದರು.

“ಕ್ಲಚ್ ಎಲ್ಲೋ ಇದಕ್ಕೆ?”

“ಇಲ್ಲಪ್ಪ. ನಾಲ್ಕು ಗೇರಿದೆ. ಕಾಲಲ್ಲಿ ಒತ್ತಿದರೆ ಕ್ಲಚ್ ತಾನೇ ಬಿಡುತ್ತೆ.”

ಅಪ್ಪನ ಮುಖ ಅರಳಿತು. ಅವರು ಐಡಿಯಲ್ ಜಾವಾದ ಯೆಜ್ಡಿ ಓಡಿಸಿದವರು. ಮೈಸೂರಿನ ಆ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅವರ ಮಟ್ಟಿಗೆ ಇನ್ನೂ ಎರಡನೇ ಶಿಫ್ಟ್ ನಡೆಯುತ್ತಿದೆ. ಯೆಜ್ಡಿಗೆ ಕ್ಲಚ್ ಹಿಡಿ ಇತ್ತು ನಿಜ, ಆದರೆ ಗೇರ್ ಲಿವರ್ ಒತ್ತಿದರೆ ಸಾಕು, ಕ್ಲಚ್ ತಾನಾಗಿ ಬಿಡುತ್ತಿತ್ತು. ಅದೇ ಲಿವರನ್ನು ಮೇಲೆತ್ತಿ ತಿರುಗಿಸಿದರೆ ಕಿಕ್ ಸ್ಟಾರ್ಟರ್ ಕೂಡ ಆಗುತ್ತಿತ್ತು. ಇದಿಷ್ಟನ್ನೂ ಅವರು ಸೇಲ್ಸ್ ಹುಡುಗನಿಗೆ ಕೈಕಾಲು ಆಡಿಸಿ ಅಭಿನಯಿಸಿ ತೋರಿಸಿದರು. ಹುಡುಗ ಗಾಬರಿಯಿಂದ ಕುರ್ಚಿ ತಂದುಕೊಟ್ಟ.

ಕಡೆಗೆ ಕೊಂಡದ್ದು ಸೆಕೆಂಡ್ ಹ್ಯಾಂಡ್ 110, ಬೇರೆ ಕಡೆಯಿಂದ. ಮಕ್ಕಳ ಬೈಕು ಹಳತಾಗುವ ಮೊದಲೇ ಮಕ್ಕಳಿಗೆ ಚಿಕ್ಕದಾಗಿರುತ್ತದೆ, ಹಾಗಾಗಿ ಒಳ್ಳೆಯದೇ ಸಿಗುತ್ತದೆ. ಹೆಲ್ಮೆಟ್ ಮಾತ್ರ ಹೊಸದು. ಒಂದು ಸೈಜು ದೊಡ್ಡದು ನೋಡೋಣವೇ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ, “ಬಿದ್ದಾಗ ತಲೆ ಒಂದು ಕಡೆ, ಹೆಲ್ಮೆಟ್ ಇನ್ನೊಂದು ಕಡೆ ತಿರುಗ್ಲಿ ಅಂತಲಾ?” ಎಂದಳು. ಅಳತೆಯದ್ದೇ ಬಂತು. ಅಪ್ಪ ಸ್ಕ್ರೂಡ್ರೈವರ್ ಹಿಡಿದು ಹೊಸ ಗಾಡಿಯ ಥ್ರಾಟಲ್ಲಿಗೆ ಅರ್ಧಕ್ಕೇ ತಡೆ ಹಾಕಿದರು. ಮಗಳು ಮುಖ ಊದಿಸಿಕೊಂಡಳು. ಅಮ್ಮ ಸ್ಕ್ರೂಗೆ ಕುಂಕುಮ ಹಚ್ಚಿದರು.

50 ಇನ್ನೂ ನಮ್ಮ ಗ್ಯಾರೇಜಿನಲ್ಲಿದೆ. ಬೇ ಏರಿಯಾದ ಕನ್ನಡಿಗರಲ್ಲಿ ಯಾರ ಮನೆಯಲ್ಲಾದರೂ ಐದಾರು ವರ್ಷದ ಮಗುವಿದ್ದರೆ ದಯವಿಟ್ಟು ಬಂದು ನೋಡಿ. ಬಲಗಡೆ ಪ್ಲಾಸ್ಟಿಕ್ ಗೀಚಿದೆ, ಎಂಜಿನ್ ಚೆನ್ನಾಗಿದೆ, ಕಿಕ್ಕಿಗೆ ಸ್ಟಾರ್ಟ್ ಆಗುತ್ತದೆ. ಚೌಕಾಸಿ ಅಮ್ಮನ ಹತ್ತಿರ. ಮಗುವಿಗೆ ಬೂಟು ಹಾಕಿಸಿಕೊಂಡೇ ಕರೆತನ್ನಿ. ಕಾಲನ್ನು ಎರಡೂ ಬದಿಯಿಂದ ಪರೀಕ್ಷಿಸಲು ಅಪ್ಪ ಅಕ್ಟೋಬರ್‌ವರೆಗೂ ಇಲ್ಲೇ ಇರುತ್ತಾರೆ.