ಜಂಟಿ ಖಾತೆಯ ತಲೆಬಿಸಿ

ಗಂಡ-ಹೆಂಡತಿಯರಲ್ಲಿ ಒಬ್ಬರ ತಲೆಬಿಸಿ ಒಬ್ಬರಲ್ಲೇ ನಿಲ್ಲುವುದಿಲ್ಲ; ಸಂಜೆಯೊಳಗೆ ಇನ್ನೊಬ್ಬರಿಗೂ ದಾಟಿರುತ್ತದೆ. ಸ್ವಿಟ್ಜರ್‌ಲೆಂಡಿನ ಮನಶ್ಶಾಸ್ತ್ರಜ್ಞ ಗೀ ಬೋಡೆನ್‌ಮನ್ 1990ರ ದಶಕದಲ್ಲಿ ಇದನ್ನೊಂದು ಸಿದ್ಧಾಂತವಾಗಿ ಬೆಳೆಸಿದರು. ಒತ್ತಡವೆಂಬುದು ದಂಪತಿಗಳ ಜಂಟಿ ಖಾತೆ, ಅದನ್ನು ತೀರಿಸುವವರೂ ಇಬ್ಬರೇ ಎಂಬುದು ಅದರ ತಿರುಳು.

ಕೋವಿಡ್ ಈ ಸಿದ್ಧಾಂತವನ್ನು ಮನೆಮನೆಯಲ್ಲೂ ಪರೀಕ್ಷೆಗೆ ಹಚ್ಚಿತು. 2020ರ ಮಾರ್ಚ್ 25ರಂದು, ಸರಿಯಾಗಿ ಯುಗಾದಿಯ ದಿನವೇ, ದೇಶಕ್ಕೆ 21 ದಿನಗಳ ಬೀಗ ಬಿತ್ತು. ಗಂಡನೆಂಬ ಪ್ರಾಣಿ ಹಗಲು ಹೊತ್ತು ಹೇಗಿರುತ್ತದೆಂದು ಅನೇಕ ಹೆಂಡತಿಯರಿಗೆ ತಿಳಿದದ್ದು ಆಗಲೇ. ಇಬ್ಬರೂ ದುಡಿಯುವ ಮನೆಗಳಲ್ಲಿ ಊಟದ ಮೇಜಿನ ಒಂದೊಂದು ತುದಿಗೆ ಒಂದೊಂದು ಕಚೇರಿ. ಆಕೆಯ ಮೀಟಿಂಗಿನಲ್ಲಿ ಈತನ ಆಕಳಿಕೆ, ಈತನ ಮೀಟಿಂಗಿನಲ್ಲಿ ಕುಕ್ಕರಿನ ಕೂಗು.

ಇಬ್ಬರೂ ಒಟ್ಟಿಗೆ ಹೆದರಿದರೆ ಸಂಸಾರ ನಡೆಯದು. ಹಾಗಾಗಿ ಯಾರೂ ಹೇಳಿಕೊಡದೆಯೇ ಹೆದರಿಕೆಗೊಂದು ಸರದಿ ಏರ್ಪಟ್ಟಿತು. ರಾತ್ರಿ ಆಕೆ, "ರೀ, ಗಂಟಲು ಕೆರೀತಿದೆ" ಎಂದರೆ ಈತ, "ಮಧ್ಯಾಹ್ನ ಉಪ್ಪಿನಕಾಯಿ ಎಷ್ಟು ಹಾಕ್ಕೊಂಡೆ, ನೆನಪು ಮಾಡ್ಕೋ" ಎಂದು ಮಗ್ಗುಲಾಗುತ್ತಿದ್ದ. ಬೆಳಗಾದರೆ ಅದೇ ಧೀರ, ವಾಸನೆ ತಿಳಿಯುತ್ತದೋ ಇಲ್ಲವೋ ಎಂದು ಇಂಗಿನ ಡಬ್ಬಿ ಮೂಸುತ್ತ ಅಡುಗೆಮನೆಯಲ್ಲಿ ನಿಂತಿರುತ್ತಿದ್ದ. ಧೈರ್ಯ ಹೇಳುವ ಪಾಳಿ ಈಗ ಆಕೆಯದು.

ಹೀಗೆ ಒಬ್ಬರಿಗೊಬ್ಬರು ಧೈರ್ಯ ಹೇಳುವುದು ಒಂದು ದಾರಿಯಾದರೆ, ಒಬ್ಬರ ಹೊರೆಯನ್ನು ಇನ್ನೊಬ್ಬರು ಹೊತ್ತುಕೊಳ್ಳುವುದು ಸಿದ್ಧಾಂತ ಹೇಳುವ ಇನ್ನೊಂದು ದಾರಿ. ಇದು ಹೇಳಿದಷ್ಟು ಸುಲಭವಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ತಮ್ಮ ಮನೆಯ ಕೆಲಸ ಮಾಡುವ ಹೆಂಗಸರು ದಿನಕ್ಕೆ 299 ನಿಮಿಷ ದುಡಿದರೆ ಗಂಡಸರು 97 ನಿಮಿಷ. ಅದೂ ಆ ಕೆಲಸಕ್ಕೆ ಕೈ ಹಾಕುವ ಗಂಡಸರ ಲೆಕ್ಕ. ಅಂಥವರು ನೂರಕ್ಕೆ 26 ಮಾತ್ರ. ಬೀಗದ ದಿನಗಳಲ್ಲಿ ಕೆಲಸದಾಕೆ ಬರುವುದು ನಿಂತು ಉಳಿದ ಗಂಡಸರೂ ಕಣಕ್ಕಿಳಿದಾಗ ಹುರುಳಿಕಾಯಿ ಹೆಚ್ಚುವುದಕ್ಕೆ ಹತ್ತು ನಿಮಿಷ, "ಚಾಕು ಎಲ್ಲಿದೆ, ತಟ್ಟೆ ಯಾವುದು, ನಾರು ತೆಗೀಬೇಕಾ" ಎಂಬ ವಿಚಾರಣೆಗೆ ಅರ್ಧ ಗಂಟೆ ಹಿಡಿಯಿತು. ಆದರೂ ಈ ಸಹಾಯ ಪೂರ್ತಿ ದಂಡವಲ್ಲ. ಹೆಂಡತಿ ಅಷ್ಟು ಹೊತ್ತು ಟಿವಿಯ ಸಾವುನೋವಿನ ಲೆಕ್ಕದಿಂದ ದೂರವಿದ್ದಳು.

ಜಗಳವೂ ಒತ್ತಡ ನಿಭಾಯಿಸುವ ಒಂದು ಬಗೆಯೇ. ವೈರಸ್ಸನ್ನು ಬೈದರೆ ಅದು ತಿರುಗಿ ಬೈಯುವುದಿಲ್ಲ, ಗಂಡ ಬೈಯುತ್ತಾನೆ. ಕೊತ್ತಂಬರಿ ತರಲು ಹೋದವನು ಮೆಂತ್ಯ ತಂದದ್ದಕ್ಕೆ ಎದ್ದ ಕೂಗಾಟದಲ್ಲಿ ಸಂಬಳ ಕಡಿತದ ಚಿಂತೆಯದೇ ದೊಡ್ಡ ಪಾಲು. ಗಂಡ-ಹೆಂಡಿರ ಜಗಳ ಉಂಡು ಮಲಗೋ ತನಕ ಎನ್ನುವ ಗಾದೆ ಆಗ ದಿನಕ್ಕೆರಡು ಬಾರಿ ನಿಜವಾಯಿತು, ಮಧ್ಯಾಹ್ನವೂ ಉಂಡು ಮಲಗುತ್ತಿದ್ದರಲ್ಲ! ಎಲ್ಲ ಮನೆಯ ಜಗಳವೂ ನಗುವಂಥದ್ದಾಗಿರಲಿಲ್ಲ. ಕೌಟುಂಬಿಕ ದೌರ್ಜನ್ಯದ ದೂರುಗಳು ಏರಿ, ಏಪ್ರಿಲ್‌ನಲ್ಲಿ ರಾಷ್ಟ್ರೀಯ ಮಹಿಳಾ ಆಯೋಗ ವಾಟ್ಸ್ಆ್ಯಪ್ ಸಂಖ್ಯೆಯನ್ನೇ ತೆರೆಯಬೇಕಾಯಿತು.

ಇನ್ನುಳಿದದ್ದು ಇಬ್ಬರೂ ಸೇರಿ ಮಾಡುವ ಕೆಲಸ. ತಾರಸಿಯ ಮೇಲೆ ಸುತ್ತು ಹಾಕುವುದು, ಹಪ್ಪಳ ಒಣಗಿಸುವುದು, ಮಾರ್ಚ್ 28ರಿಂದ ದೂರದರ್ಶನ ಮರುಪ್ರಸಾರ ಮಾಡಿದ 'ರಾಮಾಯಣ' ನೋಡುವುದು ಇವೆಲ್ಲ ಇದರಲ್ಲಿ ಸೇರುತ್ತವೆ. ರಾಮಾಯಣದ ಮಟ್ಟಿಗೆ ಒಂದು ಅನುಕೂಲ ಹೆಚ್ಚು: ಕಥೆ ಇಬ್ಬರಿಗೂ ಗೊತ್ತಿದ್ದರಿಂದ ನಡುವೆ ಮಾತಾಡಿದರೂ ಯಾರೂ ಯಾರಿಗೂ "ಸುಮ್ನಿರಿ" ಎನ್ನಬೇಕಾಗಿರಲಿಲ್ಲ.