ಅಂಚಿದ್ದಷ್ಟು ಸುತ್ತು: ರೂಟರ್ ಬಿಟ್ ಜೊತೆ ಒಂದು ಸಂದರ್ಶನ

ಅಡುಗೆಮನೆಯ ಕಪಾಟಿನ ಬಾಗಿಲುಗಳು ಗೋಡೆಗೊರಗಿ ನಿಂತಿವೆ. 18 ಎಂಎಂ ಪ್ಲೈವುಡ್, ಒಳಗೂ ಹೊರಗೂ 1 ಎಂಎಂ ಲ್ಯಾಮಿನೇಟ್, ಅಂಚಿಗೆ 8 ಎಂಎಂ ದಪ್ಪದ ತೇಗದ ಬೀಡಿಂಗ್ ಪಟ್ಟಿ. ಇನ್ನು ಬೀಡಿಂಗಿನ ಮೂಲೆ ಹೊಡೆದು ದುಂಡಗೆ ಮಾಡುವುದೊಂದೇ ಬಾಕಿ. ಆ ಒಂದು ಹುದ್ದೆಗೆ ಮರದ ಪೆಟ್ಟಿಗೆಯೊಳಗೆ ಹದಿನೈದು ಅಭ್ಯರ್ಥಿಗಳು. ಮನೆಯವರ ಕಣ್ಣು ಬಳುಕಿನ ಓಜಿ ಬಿಟ್ ಮೇಲಿದೆ. ಮೂಲೆಯಲ್ಲಿದ್ದ 6 ಎಂಎಂ ರೌಂಡ್‌ಓವರ್ ಒಂದು ಷರತ್ತಿನ ಮೇಲೆ ಮಾತಿಗೆ ಒಪ್ಪಿತು: ಮೊದಲು ಟ್ರಿಮ್ಮರ್ ಎಂಬ ಪುಟ್ಟ ರೂಟರ್ ಯಂತ್ರದ ಪ್ಲಗ್ ಕಿತ್ತಿಡಬೇಕು.

ತಾವು ನೋಡಲು ಸಾಧಾರಣ. ತಮ್ಮನ್ನೇ ಏಕೆ ಆರಿಸಬೇಕು?

ನನ್ನನ್ನೇ ಆರಿಸಿ ಎಂದು ನಾನೆಲ್ಲಿ ಹೇಳಿದೆ? ಅಂಚನ್ನು ಕೇಳಿ ಆರಿಸಿ ಅನ್ನುತ್ತೇನೆ, ಅಷ್ಟೇ. ನನ್ನ ಹೆಸರಿನ 6 ಎಂಎಂ ಎಂದರೆ ನಾನು ಸುತ್ತುವ ಕಮಾನಿನ ತ್ರಿಜ್ಯ. ಅಂಚಿನಿಂದ ಒಳಕ್ಕೆ ಅಷ್ಟು ದೂರ ನನ್ನ ಬಾಯಿ ಹೋಗುತ್ತದೆ. ಬೀಡಿಂಗ್ 8 ಎಂಎಂ ಇರುವಾಗ 2 ಎಂಎಂ ತೇಗ ಮುಟ್ಟದೆ ಉಳಿಯುತ್ತದೆ. ನನ್ನಣ್ಣ 9.5 ಎಂಎಂನವನನ್ನು ಕರೆದರೆ ಅವನು ಬೀಡಿಂಗ್ ದಾಟಿ ಲ್ಯಾಮಿನೇಟಿಗೆ ಒಂದೂವರೆ ಎಂಎಂ ನುಗ್ಗುತ್ತಾನೆ. ಲೆಕ್ಕ ಹಾಕಿ: ಬೀಡಿಂಗ್, ಲ್ಯಾಮಿನೇಟ್ ಕೂಡುವ ಗೆರೆಯಲ್ಲಿ ಅವನು ಕೆರೆಯುವ ಆಳ ಸುಮಾರು 0.12 ಎಂಎಂ. ಅದೇನು ಮಹಾ ಎನ್ನಬೇಡಿ, ಲ್ಯಾಮಿನೇಟಿನ ಬಣ್ಣವೆಲ್ಲ ಇರುವುದು ಮೇಲಿನ ಕಾಗದದಂಥ ಪದರದಲ್ಲೇ. ಅದು ಹೋದರೆ ಒಳಗಿನ ಕಂದು ಗೆರೆ ಬಾಗಿಲಿನುದ್ದಕ್ಕೂ ಹಲ್ಲು ಕಿರಿಯುತ್ತದೆ. ದೊಡ್ಡಣ್ಣ 12.7 ಎಂಎಂನವನು ಬಂದರಂತೂ ಅದೇ ಜಾಗದಲ್ಲಿ ಸುಮಾರು 0.9 ಎಂಎಂ ತಿನ್ನುತ್ತಾನೆ. ಅಲ್ಲಿಗೆ ಲ್ಯಾಮಿನೇಟೇ ಮುಗಿಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಊರಿನಲ್ಲಿ ಅಂಚಿದ್ದಷ್ಟು ಸುತ್ತು ಎಂದರೆ ಮಾತ್ರ ಯಾರಿಗೂ ಕೇಳಿಸುವುದಿಲ್ಲ.

ಅದಕ್ಕೇನು, ಬೀಡಿಂಗನ್ನೇ ದಪ್ಪ ಮಾಡಿಸಿದರಾಯಿತಲ್ಲ?

ಆಗಬಹುದು. ಹಾಗೆ ಕೇಳಿದಿರೆಂದರೆ ನೀವು ನನ್ನ ಪಕ್ಷಕ್ಕೆ ಬಂದಿರಿ. ಪಟ್ಟಿಯ ದಪ್ಪ ಮೊದಲು, ಬಿಟ್ ಆಮೇಲೆ ಎಂದು ಒಪ್ಪಿದ ಹಾಗಾಯಿತು. ಆದರೆ ಇನ್ನೊಂದು ಅಳತೆಯೂ ಇದೆ. ಬಾಗಿಲಿನ ದಪ್ಪ ಒಟ್ಟು 20 ಎಂಎಂ. ಎರಡೂ ಬದಿ ದುಂಡಗಾಗಬೇಕಾದರೆ 9.5ರ ಅಣ್ಣ ಎರಡು ಸಲ ಓಡಿ 19 ತಿಂದು, ನಡುವೆ 1 ಎಂಎಂ ಸಮತಟ್ಟು ಬಿಡುತ್ತಾನೆ. ನಮ್ಮ ತುದಿಯ ಬೇರಿಂಗ್ ಎರಡನೇ ಓಟದಲ್ಲಿ ಓಡಬೇಕಾದದ್ದು ಆ ಸಮತಟ್ಟಿನ ಮೇಲೆ. ದಾರಿ ಸಾಲದಿದ್ದರೆ ಅದು ಮೊದಲೇ ಕೊರೆದ ಕಮಾನಿಗೆ ಜಾರುತ್ತದೆ, ಜೊತೆಗೆ ನಾವೂ ಒಳಕ್ಕೆ ಕಚ್ಚುತ್ತೇವೆ. ನಾನು ಎರಡು ಸಲ ಓಡಿದರೂ 8 ಎಂಎಂ ದಾರಿ ಉಳಿದಿರುತ್ತದೆ. ಹಾಗೆಂದು ಬೇರಿಂಗನ್ನು ಪೂರ್ತಿ ನಂಬಬೇಡಿ. ಅದು ಕುರುಡು ಅನುಯಾಯಿ. ಅಂಚಿನಲ್ಲಿ ತಗ್ಗಿದ್ದರೆ ತಗ್ಗು, ಫೆವಿಕಾಲ್ ಗಂಟಿದ್ದರೆ ಗಂಟು, ಎಲ್ಲವನ್ನೂ ನಿಷ್ಠೆಯಿಂದ ನಕಲು ಮಾಡುತ್ತದೆ.

ಓಜಿಯ ಅಂದವೇ ಬೇರೆ ಎನ್ನುತ್ತಾರೆ. ಹೊಟ್ಟೆಕಿಚ್ಚೇ?

ಅವಳ ಅಂದಕ್ಕೆ ನನ್ನ ತಕರಾರಿಲ್ಲ. ಗಟ್ಟಿ ತೇಗದ ಮೇಜಿಗೋ ಮುಂಬಾಗಿಲ ಚೌಕಟ್ಟಿಗೋ ಅವಳೇ ಸರಿ; ಅಲ್ಲಿ ಎಷ್ಟು ಕೊರೆದರೂ ಒಳಗೆ ಮರವೇ ಇದೆ. ಬೀಡಿಂಗಿನ ಒಳಗಿರುವುದು ಪ್ಲೈವುಡ್ಡಿನ ಪದರಗಳು. ಎರಡು ಬಳುಕು ಬಳುಕಲು ಅವಳಿಗೆ ಅಗಲವೂ ಬೇಕು, ಆಳವೂ ಬೇಕು. 8 ಎಂಎಂನಲ್ಲಿ ಅವಳನ್ನು ಕುಣಿಸುವುದು ಶೌಚಾಲಯದಲ್ಲಿ ಭರತನಾಟ್ಯ ಆಡಿಸಿದ ಹಾಗೆ. ಮೇಲಾಗಿ ಇದು ಅಡುಗೆಮನೆ. ದಿನಕ್ಕೆ ಮೂರು ಒಗ್ಗರಣೆ. ಆ ಜಿಡ್ಡೆಲ್ಲ ಅವಳು ಬಿಟ್ಟುಹೋದ ಸಂದಿಯಲ್ಲಿ ಕೂತು, ಮೇಲೆ ಧೂಳು ಹಿಡಿದು, ಹಬ್ಬದ ಹಿಂದಿನ ದಿನ ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಕೆಲಸ ಕೊಡುತ್ತದೆ. ನಾನು ದುಂಡಗೆ ಮಾಡಿದ ಅಂಚಿಗೆ ಒದ್ದೆ ಬಟ್ಟೆ ಸಾಕು.

ಅಂಗಡಿಯವರು ಕಾಲು ಇಂಚು, 6 ಎಂಎಂ ಎರಡೂ ಒಂದೇ ಎನ್ನುತ್ತಾರಲ್ಲ?

ಅವರ ಬಿಲ್ಲಿನಲ್ಲಿ ಒಂದೇ ಇರಬಹುದು, ಬಿಟ್ ಹಿಡಿಯುವ ಟ್ರಿಮ್ಮರ್‌ನ ಕಾಲೆಟ್‌ನಲ್ಲಿ ಒಂದಲ್ಲ. ಅವರು ಹೇಳುತ್ತಿರುವುದು ನನ್ನ ಕಾಲಿನ, ಅಂದರೆ ಶ್ಯಾಂಕಿನ ಅಳತೆ. ಕಾಲು ಇಂಚು ಎಂದರೆ 6.35 ಎಂಎಂ. ಅದರ ಕಾಲೆಟ್‌ಗೆ 6 ಎಂಎಂ ಶ್ಯಾಂಕ್ ಹಾಕಿದರೆ ಬಿಗಿಯಾದಂತೆ ತೋರಿ, ಕೆಲಸದ ನಡುವೆ ಮೆಲ್ಲಗೆ ಜಾರುತ್ತದೆ. ಇನ್ನು ವೇಗ. ಟ್ರಿಮ್ಮರ್ ನಿಮಿಷಕ್ಕೆ 30,000 ಸುತ್ತು ತಿರುಗುವಾಗ 12 ಎಂಎಂ ವ್ಯಾಸದ ಬಿಟ್‌ನ ಅಂಚು ಗಂಟೆಗೆ ಸುಮಾರು 68 ಕಿಲೋಮೀಟರ್ ಓಡುತ್ತದೆ. 50 ಎಂಎಂ ಬಿಟ್‌ನದು ಸುಮಾರು 283. ಆದ್ದರಿಂದ ದಪ್ಪ ಬಿಟ್‌ಗೆ ದಪ್ಪ ಶ್ಯಾಂಕಿನ, ವೇಗ ತಗ್ಗಿಸಬಹುದಾದ ದೊಡ್ಡ ರೂಟರ್ ಬೇಕು. ಟ್ರಿಮ್ಮರ್‌ಗೆ ಅಂಥ ಬಿಟ್ ಸಿಕ್ಕಿಸುವುದು ಸೈಕಲ್ಲಿಗೆ ಲಾರಿಯ ಚಕ್ರ ಕಟ್ಟಿದ ಹಾಗೆ.

ನುರಿತ ಬಡಗಿಗೆ ಇಷ್ಟೆಲ್ಲ ಲೆಕ್ಕ ಏಕೆ? ಮರಳುಕಾಗದದಲ್ಲೇ ದುಂಡಗೆ ಮಾಡುತ್ತಾನೆ.

ಒಂದು ಎಂಎಂ ಚೂಪು ಮುರಿಯಲು ಮರಳುಕಾಗದವೇ ಸಾಕು, ನನ್ನನ್ನು ಕರೆಯಲೇಬೇಡಿ. ಹದಿನೆಂಟು ಬಾಗಿಲಿಗೆ ಒಂದೇ ಸಮನಾದ 6 ಎಂಎಂ ಬೇಕೆಂದರೆ ಮಾತ್ರ ಕೈ ಸೋಲುತ್ತದೆ. ಬಡಗಿಯ ಜಾಣ್ಮೆ ನಾನು ಬರುವ ಮೊದಲೇ ಗೊತ್ತಾಗಬೇಕು: ತಲೆಯಿಲ್ಲದ ಮೊಳೆ ನನ್ನ ದಾರಿಯಲ್ಲಿ ಇರದಂತೆ ಹೊಡೆದನೇ? ಕಾರ್ಬೈಡ್ ಗಡಸು, ಆದರೆ ಒಂದು ಮೊಳೆ ತಾಗಿದರೆ ಚಕ್ಕೆ ಏಳುತ್ತದೆ. ನಾನು ತಿರುಗುವ ದಿಕ್ಕಿಗೆ ಎದುರಾಗಿ ತಳ್ಳಿದನೇ? ಜೊತೆಗೇ ತಳ್ಳಿದರೆ ಯಂತ್ರ ಕೈಯಿಂದ ಹಾರುತ್ತದೆ. ಒಂದೇ ಕಡೆ ನಿಂತನೇ? ನಿಂತಲ್ಲಿ ತೇಗ ಸುಟ್ಟು ಕಪ್ಪಾಗುತ್ತದೆ, ಬೈಗುಳ ನನಗೆ.

ಈಗ ಕಾರ್ಖಾನೆಯಲ್ಲೇ ಪಿವಿಸಿ ಪಟ್ಟಿ ಅಂಟಿಸಿ ಕೊಡುತ್ತಾರೆ. ತಮ್ಮ ಕಾಲ ಮುಗಿಯಿತಲ್ಲವೇ?

ಆ ಎಡ್ಜ್ ಬ್ಯಾಂಡಿಂಗ್ ಯಂತ್ರದ ಹೊಟ್ಟೆಯೊಳಗೆ ಇಣುಕಿ ನೋಡಿ. ಪಟ್ಟಿಯ ಅಂಚು ಸವರುತ್ತಿರುವವರು ನಮ್ಮ ಚಿಕ್ಕ ತಮ್ಮಂದಿರೇ. 2 ಎಂಎಂ ಪಟ್ಟಿಗೆ 2 ಎಂಎಂ ಮೀರಿದ ದುಂಡು ಅಲ್ಲಿ ಯಾರೂ ಕೊಡುವುದಿಲ್ಲ. ಲಕ್ಷಾಂತರ ರೂಪಾಯಿಯ ಯಂತ್ರ ಪಾಲಿಸುವ ಲೆಕ್ಕವನ್ನು ಮನೆಯಲ್ಲಿ ಫೋಟೋ ನೋಡಿ ಮುರಿಯುತ್ತಾರೆ. ಬಡಗಿಗೆ ಮೊಬೈಲ್ ತೋರಿಸುವ ಮುಂಚೆ ಬೀಡಿಂಗಿಗೆ ಸ್ಕೇಲ್ ತೋರಿಸಿ. ಹಾಂ, ಇನ್ನು ಪ್ಲಗ್ ಹಾಕಬಹುದು. ಕಾಲೆಟ್ ಬಿಗಿ ಮಾಡಿದ್ದೀರಿ ತಾನೇ?